ಕೊಡಗಿನ ದಾರಿಗೆ ಮೈಲ್ಡ್ ಹೈಬ್ರಿಡ್ ಸರಿಯೇ? ಬಾಳಿಕೆ, ಬೆಂಕಿಯ ಭಯ ಮತ್ತು ಆಯ್ಕೆ

ಕೊಡಗಿನಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಫೋರ್ ವೀಲ್ ವಾಹನ ಕೊಳ್ಳಲು ಹೊರಟವರು ಹಿಂದೆ ಮೂರು ಪ್ರಶ್ನೆ ಕೇಳುತ್ತಿದ್ದರು: ಮಳೆಗಾಲದಲ್ಲಿ ತೋಟದ ಏರು ಹತ್ತುತ್ತದೆಯೇ, ಮೈಲೇಜು ಎಷ್ಟು, ಬಿಡಿಭಾಗ ಇಲ್ಲೇ ಸಿಗುತ್ತದೆಯೇ ಅಥವಾ ಮೈಸೂರಿಗೆ ಹೋಗಬೇಕೇ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಹೈಬ್ರಿಡ್ ಎಂದರೆ ಬ್ಯಾಟರಿ, ಬ್ಯಾಟರಿ ಎಂದರೆ ಬೆಂಕಿ, ಅಂಥ ಗಾಡಿಯನ್ನು ಮನೆಗೆ ತಾಗಿದ ಶೆಡ್ಡಿನಲ್ಲಿ ನಿಲ್ಲಿಸಬಹುದೇ?

ಕೇಳಬೇಕಾದ ಪ್ರಶ್ನೆಯೇ. ಆದರೆ ಮೈಲ್ಡ್ ಹೈಬ್ರಿಡ್, ಅಂದರೆ ಸಣ್ಣ ಮೋಟಾರು ಎಂಜಿನ್ನಿಗೆ ನೆರವಷ್ಟೇ ಕೊಡುವ ವಾಹನದಲ್ಲಿ ಹೆದರಬೇಕಾದ ಜಾಗ ಬ್ಯಾಟರಿಯಲ್ಲ. ವೈರಿನ ಜೋಡಣೆ, ವೈರನ್ನು ಗಾಡಿಯ ಲೋಹಕ್ಕೆ ಬಿಗಿಯುವ ಅರ್ತ್ ಬೋಲ್ಟ್, ಬೆಲ್ಟು, ನೀರು, ಇಲಿ, ಸೈಲೆನ್ಸರಿಗೆ ಸಿಕ್ಕಿಕೊಂಡ ಒಣಹುಲ್ಲು, ಆಮೇಲೆ ಕೂರಿಸಿದ ಹೆಚ್ಚುವರಿ ಲೈಟು, ಇವುಗಳ ಮೇಲೆ ಕಣ್ಣಿರಬೇಕು. ಇವುಗಳಲ್ಲಿ ಹೆಚ್ಚಿನವು ಸಾದಾ ಡೀಸೆಲ್ ಜೀಪಿಗೂ ಅನ್ವಯಿಸುತ್ತವೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಕಡಿದಾದ ಮಣ್ಣಿನ ದಾರಿ ಹತ್ತಿ ಇಳಿಯುವವರಿಗೆ ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಸಾಗಲು ಇರುವ ಹೆಚ್ಚುವರಿ ಗೇರು) ಇರುವ ಸಾದಾ ಡೀಸೆಲ್ ಇಂದಿಗೂ ಮೊದಲ ಆಯ್ಕೆ. ಡಾಂಬರು ಹೆಚ್ಚು, ಕೆಸರು ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ಎನ್ನುವವರು 12 ವೋಲ್ಟಿನ ಮೈಲ್ಡ್ ಹೈಬ್ರಿಡ್ಡನ್ನು ಧೈರ್ಯವಾಗಿ ಕೊಳ್ಳಬಹುದು. 48 ವೋಲ್ಟಿನದು ಒಳ್ಳೆಯದೇ, ಆದರೆ ಹೊಸದಾಗಿ, ವಾರಂಟಿಯೊಂದಿಗೆ ಮಾತ್ರ.

ಡೈನಮೋ ಜಾಗದಲ್ಲಿ ಕೂತಿರುವುದು ಏನು

ನಮ್ಮ ಗ್ಯಾರೇಜುಗಳಲ್ಲಿ ಡೈನಮೋ ಎಂದು ಕರೆಯುವ ಆಲ್ಟರ್ನೇಟರ್ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಚಾರ್ಜು ಕೊಡುತ್ತದೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಅದೇ ಜಾಗದಲ್ಲಿ ಎರಡು ಕೆಲಸ ಬಲ್ಲ ಮೋಟಾರ್ ಜನರೇಟರ್ ಇರುತ್ತದೆ. ಗಾಡಿ ನಿಧಾನವಾಗುವಾಗ ವಿದ್ಯುತ್ ಉತ್ಪಾದಿಸಿ ಸಣ್ಣ ಲಿಥಿಯಂ ಬ್ಯಾಟರಿಯಲ್ಲಿ ಇಡುತ್ತದೆ. ವೇಗ ಹೆಚ್ಚಿಸುವಾಗ ಅದೇ ಬೆಲ್ಟಿನ ಮೂಲಕ ಎಂಜಿನ್ನಿಗೆ ಸ್ವಲ್ಪ ಬಲ ಕೊಡುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಸದ್ದಿಲ್ಲದೆ ಮತ್ತೆ ಎಬ್ಬಿಸುತ್ತದೆ. ಎಂಜಿನ್ನಿನ ಸಹಾಯವಿಲ್ಲದೆ ಗಾಡಿಯನ್ನು ಎಳೆಯುವ ಶಕ್ತಿ ಇದಕ್ಕಿಲ್ಲ.

ಸುಜುಕಿಯ ಸ್ಮಾರ್ಟ್ ಹೈಬ್ರಿಡ್ ವಾಹನಗಳಲ್ಲಿರುವ ಲಿಥಿಯಂ ಬ್ಯಾಟರಿ 12 ವೋಲ್ಟ್, 6 ಆಂಪಿಯರ್ ಅವರ್‌ನದು. ಗುಣಿಸಿದರೆ 72 ವ್ಯಾಟ್ ಅವರ್. ಚಾರ್ಜರಿಗೆ ಚುಚ್ಚುವ ಪ್ಲಗ್ ಇನ್ ಹೈಬ್ರಿಡ್ ಆದ ಜೀಪ್ ರಾಂಗ್ಲರ್ 4ಎಕ್ಸ್‌ಇ ವಾಹನದ ಬ್ಯಾಟರಿ ಸುಮಾರು 17 ಕಿಲೋವ್ಯಾಟ್ ಅವರ್, ಅಂದರೆ ಇನ್ನೂರು ಪಟ್ಟಿಗೂ ಹೆಚ್ಚು. ಬೆಂಕಿಯ ಅಪಾಯದ ಕಾರಣಕ್ಕೆ ಪದೇಪದೇ ಹಿಂದಕ್ಕೆ ಕರೆಸಿಕೊಂಡದ್ದು ಈ 4ಎಕ್ಸ್‌ಇಯನ್ನು. 2024ರ ಸೆಪ್ಟೆಂಬರಿನಲ್ಲಿ ಅದರ ಜೊತೆಗೆ ಗ್ರ್ಯಾಂಡ್ ಚೆರೋಕಿ 4ಎಕ್ಸ್‌ಇಯೂ ಸೇರಿ ಜಗತ್ತಿನಾದ್ಯಂತ ಒಂದೂವರೆ ಲಕ್ಷಕ್ಕೂ ಮಿಕ್ಕಿ ವಾಹನಗಳಿಗೆ ಮನೆಯಿಂದ ದೂರ ನಿಲ್ಲಿಸಿ, ಚಾರ್ಜು ಮಾಡಬೇಡಿ ಎಂಬ ಸೂಚನೆ ಹೋಯಿತು. ಆ ಸುದ್ದಿಯನ್ನು ಓದಿ ಮಾರುತಿ ಸುಜುಕಿಯ ಮೈಲ್ಡ್ ಹೈಬ್ರಿಡ್ ಗ್ರ್ಯಾಂಡ್ ವಿಟಾರಾದ ಬಗ್ಗೆ ಹೆದರುವುದರಲ್ಲಿ ಅರ್ಥವಿಲ್ಲ. ಎರಡಕ್ಕೂ ಹೈಬ್ರಿಡ್ ಎಂಬ ಹೆಸರಿದೆ ಎಂಬುದನ್ನು ಬಿಟ್ಟರೆ ಬ್ಯಾಟರಿಯ ವಿಷಯದಲ್ಲಿ ಹೋಲಿಕೆಯೇ ಇಲ್ಲ.

2023ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡ ಹೊತ್ತಿ ಉರಿದು ಸಾವಿರಕ್ಕೂ ಹೆಚ್ಚು ವಾಹನಗಳು ನಾಶವಾದಾಗಲೂ ಹೀಗೆಯೇ ಆಯಿತು. ಎಲೆಕ್ಟ್ರಿಕ್ ಕಾರು, ಹೈಬ್ರಿಡ್ ಕಾರು ಎಂದು ಜಾಲತಾಣಗಳಲ್ಲಿ ಗುಲ್ಲೆದ್ದಿತು. ಬೆಂಕಿ ಶುರುವಾದದ್ದು ಡೀಸೆಲ್ ಕಾರಿನಲ್ಲಿ ಎಂದು ಅಗ್ನಿಶಾಮಕ ಇಲಾಖೆ ಹೇಳಿತು.

ಬೆಂಕಿ ನಿಜವಾಗಿ ಹುಟ್ಟುವ ಜಾಗ

ಹಾಗೆಂದು ಮೈಲ್ಡ್ ಹೈಬ್ರಿಡ್‌ಗೆ ಅಪಾಯವೇ ಇಲ್ಲ ಎಂದಲ್ಲ. 2024ರ ಆರಂಭದಲ್ಲಿ ಮರ್ಸಿಡಿಸ್ ಬೆಂಜ್ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಿತು. ಅವುಗಳಲ್ಲಿ ಅದರ ದೊಡ್ಡ ಎಸ್‌ಯುವಿಗಳೂ ಇದ್ದವು. ಬ್ಯಾಟರಿಯ ಸೆಲ್ಲುಗಳಲ್ಲಿ ದೋಷವಿರಲಿಲ್ಲ. ಪ್ರಯಾಣಿಕರ ಸೀಟಿನ ಕೆಳಗೆ 48 ವೋಲ್ಟಿನ ಅರ್ತ್ ಜೋಡಣೆ ಸರಿಯಾಗಿ ಬಿಗಿಯಾಗಿಲ್ಲದೆ ಇರಬಹುದು ಎಂಬುದೇ ಕಾರಣ. ಸಡಿಲ ಜೋಡಣೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಾಗುತ್ತದೆ, ಆ ಬಿಂದು ಕಾಯುತ್ತದೆ, ಪಕ್ಕದ ಪ್ಲಾಸ್ಟಿಕ್ಕು, ಕಾರ್ಪೆಟ್ಟು ಹೊತ್ತಿಕೊಳ್ಳುತ್ತದೆ.

12 ಮತ್ತು 48 ವೋಲ್ಟುಗಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲಿದೆ. 60 ವೋಲ್ಟು ದಾಟಿದ ಡಿಸಿ ವಿದ್ಯುತ್ತಿಗೆ ಶಾಕಿನಿಂದ ರಕ್ಷಣೆಯ ವಿಶೇಷ ವ್ಯವಸ್ಥೆ ಬೇಕಾಗುತ್ತದೆ, ಆದ್ದರಿಂದಲೇ ಕಂಪನಿಗಳು 48ರಲ್ಲಿ ನಿಂತವು. ಮುಟ್ಟಿದವರ ಜೀವಕ್ಕೆ ಅಷ್ಟು ಅಪಾಯವಿಲ್ಲ. ಆದರೆ 12 ವೋಲ್ಟಿನಲ್ಲಿ ಸಡಿಲ ವೈರಿನ ತುದಿಯಲ್ಲಿ ಹಾರುವ ಕಿಡಿ ಸಾಮಾನ್ಯವಾಗಿ ತಾನಾಗಿಯೇ ಆರುತ್ತದೆ. 48ರಲ್ಲಿ ಆ ಕಿಡಿ ಕಮಾನಾಗಿ ನಿಂತು ಉರಿಯುತ್ತಲೇ ಇರಬಲ್ಲದು. ಜೊತೆಗೆ, ನೀರು ಹೊಕ್ಕ ಕನೆಕ್ಟರಿನಲ್ಲಿ ಹೆಚ್ಚಿನ ವೋಲ್ಟೇಜ್ ಇದ್ದಷ್ಟೂ ಕಿಲುಬು ಬೇಗ ಬೆಳೆಯುತ್ತದೆ. ಬಂಡೆಯ ಮೇಲೆ ಕುಣಿದು, ತೊರೆ ದಾಟಿ ಬರುವ ವಾಹನದಲ್ಲಿ ಜೋಡಣೆ ಸಡಿಲವಾಗುವುದಕ್ಕೂ ನೀರು ಸೇರುವುದಕ್ಕೂ ಅವಕಾಶ ಹೆಚ್ಚು.

ಸಾದಾ ಎಂಜಿನ್ನು ಕೊಂಡರೆ ಈ ಚಿಂತೆ ತಪ್ಪುತ್ತದೆ ಎಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸುಮಾರು 69 ಸಾವಿರ ಜೀಪ್ ರಾಂಗ್ಲರ್ ಮತ್ತು ಗ್ಲಾಡಿಯೇಟರ್ ವಾಹನಗಳನ್ನು ಹಿಂದಕ್ಕೆ ಕರೆದರು. ಅವೆಲ್ಲವೂ ಮ್ಯಾನುಯಲ್ ಗೇರಿನವು, ದೋಷವಿದ್ದದ್ದು ಕ್ಲಚ್ಚಿನಲ್ಲಿ. ಪ್ರೆಷರ್ ಪ್ಲೇಟ್ ವಿಪರೀತ ಕಾದು ಒಡೆದರೆ ಬೆಂಕಿ ಹತ್ತಬಹುದು ಎಂಬುದು ಕಾರಣ. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ 1,08,306 ಎಕ್ಸ್‌ಯುವಿ700 ವಾಹನಗಳ ಎಂಜಿನ್ ಕೋಣೆಯ ವೈರಿಂಗ್ ತಿಕ್ಕಾಡಿ ಸವೆಯಬಹುದೆಂದು ತಪಾಸಣೆಗೆ ಕರೆಯಿತು. ಅದು ಹೈಬ್ರಿಡ್ ಅಲ್ಲ.

ಕ್ಲಚ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕಾಫಿ ಚೀಲ ಹೇರಿಕೊಂಡು ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲುವುದು ನಮ್ಮಲ್ಲಿ ದಿನನಿತ್ಯದ ದೃಶ್ಯ. ಲೋ ರೇಂಜ್ ಇದ್ದರೆ ಹಾಕಿಕೊಳ್ಳಿ. ಸುಟ್ಟ ವಾಸನೆ ಬಂದ ಮೇಲೂ ಮುಂದುವರಿಸುವುದು ಯಾವ ಗಾಡಿಗೂ ಒಳ್ಳೆಯದಲ್ಲ.

ನೀರು ಮತ್ತು ಮೋಟಾರ್ ಜನರೇಟರ್

ಕೊಡಗಿನವರು ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದ ಸಂಗತಿ ಇದು. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ 1,81,754 ಪೆಟ್ರೋಲ್ ವಾಹನಗಳನ್ನು ಹಿಂದಕ್ಕೆ ಕರೆಯಿತು. ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಅದರಲ್ಲಿದ್ದವು. 2018ರ ಮೇ 4ರಿಂದ 2020ರ ಅಕ್ಟೋಬರ್ 27ರವರೆಗೆ ತಯಾರಾದವು. ಪರೀಕ್ಷಿಸಿ ಬದಲಾಯಿಸಬೇಕಾಗಿದ್ದದ್ದು ಮೋಟಾರ್ ಜನರೇಟರ್ ಘಟಕವನ್ನೇ. ಅದು ಬದಲಾಗುವವರೆಗೆ ನೀರು ನಿಂತ ಜಾಗದಲ್ಲಿ ಓಡಿಸಬೇಡಿ, ಎಲೆಕ್ಟ್ರಿಕ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬೇಡಿ ಎಂದು ಕಂಪನಿ ಮಾಲೀಕರನ್ನು ಕೇಳಿಕೊಂಡಿತು. 2019ರ ಡಿಸೆಂಬರಿನಲ್ಲೂ ಇದೇ ಘಟಕಕ್ಕಾಗಿ 63,493 ವಾಹನಗಳನ್ನು ಕರೆದಿತ್ತು.

ಆ ಕಾಲದ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಆಗಿ ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆಯ ಕಡೆ ಧಾರಾಳವಾಗಿ ಬರುತ್ತಿವೆ. ಕೊಳ್ಳುವ ಮೊದಲು ಷಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲೋ ಡೀಲರ್ ಬಳಿಯೋ ಕೊಟ್ಟು, ಈ ಕೆಲಸ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕೆ ಹಣ ಖರ್ಚಾಗುವುದಿಲ್ಲ.

ನಮ್ಮ ಇನ್ನೊಂದು ಅಭ್ಯಾಸ ವಾಟರ್ ಸರ್ವೀಸ್. ಮಾಂದಲಪಟ್ಟಿಯ ದಾರಿಯಲ್ಲಿ ಹೋಗಿ ಬಂದ ಗಾಡಿಯ ಬಾನೆಟ್ ಎತ್ತಿ ನೋಡಿದರೆ ಬೆಲ್ಟಿನ ಚಡಿಗಳ ತುಂಬ ಕೆಮ್ಮಣ್ಣು ಮೆತ್ತಿರುತ್ತದೆ, ಪುಲ್ಲಿಯ ಅಂಚಿನಲ್ಲಿ ಸಣ್ಣ ಕಲ್ಲು ಸಿಕ್ಕಿರುತ್ತದೆ, ಮೋಟಾರ್ ಜನರೇಟರಿನ ಜಾಲಿಗಳಲ್ಲಿ ಕೆಸರು ಒಣಗಿ ಹೆಪ್ಪುಗಟ್ಟಿರುತ್ತದೆ. ಅದನ್ನು ನೋಡಿ ಸರ್ವೀಸಿನ ಹುಡುಗರು ಪ್ರೆಷರ್ ಪೈಪನ್ನು ಅಲ್ಲಿಗೇ ತಿರುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಕೆಸರನ್ನು ಮೆದು ಬ್ರಷ್ಷಿನಿಂದ ಉದುರಿಸಿ, ಕಡಿಮೆ ಒತ್ತಡದ ನೀರಿನಲ್ಲಿ ಬೆಲ್ಟಿನ ಭಾಗವನ್ನು ಮಾತ್ರ ತೊಳೆಸಿ, ಕನೆಕ್ಟರುಗಳಿಂದ ನೀರನ್ನು ದೂರವಿಡಿ. ಸಾದಾ ಗಾಡಿಯಲ್ಲಿ ಬೆಲ್ಟು ಜಾರಿದರೆ ಚಾರ್ಜಿಂಗ್ ಕಡಿಮೆಯಾಗುತ್ತದೆ ಅಷ್ಟೇ. ಮೈಲ್ಡ್ ಹೈಬ್ರಿಡ್‌ನಲ್ಲಿ ಬೆಲ್ಟು ಎರಡೂ ದಿಕ್ಕಿನಲ್ಲಿ ಎಳೆತ ತಾಳಬೇಕು. ಕೆಸರಿನೊಂದಿಗೆ ಜಾರುತ್ತ ಕಿರುಗುಟ್ಟುವ ಬೆಲ್ಟು ಬೇಗ ಕಾಯುತ್ತದೆ, ಬೇಗ ಹರಿಯುತ್ತದೆ.

ಒಂದೊಂದಾಗಿ ನೋಡಿದರೆ

ಸಾದಾ ಡೀಸೆಲ್. ಥಾರ್, ಥಾರ್ ರಾಕ್ಸ್, ಫೋರ್ಸ್ ಗೂರ್ಖಾ ಈ ಗುಂಪಿನವು. ಮೂರರ ಫೋರ್ ವೀಲ್ ಮಾದರಿಗಳಿಗೂ ಲೋ ರೇಂಜ್ ಇದೆ, ಮೈಲ್ಡ್ ಹೈಬ್ರಿಡ್ ಇಲ್ಲ. ರಾಕ್ಸ್‌ನಲ್ಲಿ ಫೋರ್ ವೀಲ್ ಬೇಕಾದರೆ ಡೀಸೆಲ್ಲೇ ಗತಿ. ನೀರಿನಲ್ಲಿ ಇಳಿಯುವ ಆಳ ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಗೆ 700 ಎಂದು ಕಂಪನಿಗಳು ಹೇಳುತ್ತವೆ. ಗೂರ್ಖಾದ 2.6 ಲೀಟರ್ ಎಂಜಿನ್ನೂ ಮುಂದಿನ ಹಿಂದಿನ ಎರಡೂ ಆಕ್ಸಲ್ಲುಗಳ ಡಿಫರೆನ್ಷಿಯಲ್ ಲಾಕೂ (ಒಂದು ಚಕ್ರ ಜಾರಿದರೂ ಜೊತೆಯ ಚಕ್ರಕ್ಕೆ ಬಲ ಹೋಗುವ ವ್ಯವಸ್ಥೆ) ಗಾಳಿಬೀಡು, ಮುಕ್ಕೋಡ್ಲು ಕಡೆಯ ದಾರಿಗಳಿಗೆ ಹೇಳಿಮಾಡಿಸಿದಂತಿವೆ. ವೈರಿಂಗ್ ಸರಳವಾಗಿರುವುದರಿಂದ ಊರಿನ ಮೆಕ್ಯಾನಿಕ್ ಕೂಡ ಅರ್ಧ ದೋಷವನ್ನಾದರೂ ಹುಡುಕಬಲ್ಲರು.

ಆದರೆ ಈಗಿನ ಹೊಗೆಯ ನಿಯಮವಾದ ಬಿಎಸ್6ರ ಡೀಸೆಲ್ಲಿಗೂ ತನ್ನದೇ ಕಾಯಿಲೆ ಇದೆ, ಅದು ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಟ್ಟುಹಾಕುವ ಶೋಧಕ ಅದು. ಸುಡುವಾಗ ಒಳಗಿನ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ತೋಟದೊಳಗೆ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಸುಡುವ ಅವಕಾಶವೇ ಸಿಗದೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವುದು ಇದಕ್ಕೆ ಮದ್ದು. ಇನ್ನೊಂದು ಅಪಾಯ ಹುಲ್ಲು. ಭತ್ತ ಕೊಯ್ದ ಗದ್ದೆಯಲ್ಲಿ, ಜನವರಿಯಿಂದ ಮಾರ್ಚಿನವರೆಗೆ ಸಿಲ್ವರ್ ಓಕಿನ ತರಗೆಲೆ ಮುಚ್ಚಿದ ತೋಟದ ದಾರಿಯಲ್ಲಿ ಓಡಿಸಿ ಬಂದ ಗಾಡಿಯ ಅಡಿಯಲ್ಲಿ ಒಣಗಿದ್ದು ಸಿಕ್ಕಿಕೊಂಡಿರುತ್ತದೆ. ಡಿಪಿಎಫ್ ಕಾದಿರುವಾಗ ತರಗೆಲೆಯ ರಾಶಿಯ ಮೇಲೆ ನಿಲ್ಲಿಸಬಾರದು. ನನ್ನ ಮಟ್ಟಿಗೆ ಕೊಡಗಿನ ಬೇಸಿಗೆಯಲ್ಲಿ 12 ವೋಲ್ಟಿನ ಲಿಥಿಯಂ ಬ್ಯಾಟರಿಗಿಂತ ಇದು ದೊಡ್ಡ ಬೆಂಕಿಯ ಅಪಾಯ.

ಸಾದಾ ಪೆಟ್ರೋಲ್. ಜಿಮ್ನಿಗೆ ಲೋ ರೇಂಜ್ ಇದೆ, ತೂಕ ಸುಮಾರು 1,200 ಕಿಲೋ ಮಾತ್ರ, ಕೆಸರಿನಲ್ಲಿ ಹಗುರ ಗಾಡಿಗೆ ಲಾಭವಿದೆ. ಭಾರತದ ಜಿಮ್ನಿಯಲ್ಲಿ ಮೈಲ್ಡ್ ಹೈಬ್ರಿಡ್ ಇಲ್ಲ, ಡಿಪಿಎಫ್ ಕೂಡ ಇಲ್ಲ. ಕಡಿಮೆ ಓಡಾಟದ, ಒಂಟಿ ಮನೆಯ ಹಿರಿಯರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಹೊರೆ ಹೊರುವುದಕ್ಕಲ್ಲ. ಪೆಟ್ರೋಲ್ ಗಾಡಿಯಲ್ಲಿ ನೋಡಿಕೊಳ್ಳಬೇಕಾದದ್ದು ಇಂಧನದ ಪೈಪು. ಇಲಿ ವೈರನ್ನು ಕಡಿದರೆ ಗಾಡಿ ನಿಲ್ಲಬಹುದು, ಪೆಟ್ರೋಲ್ ಪೈಪನ್ನು ಕಡಿದರೆ ಹೊತ್ತಿಕೊಳ್ಳಲೂಬಹುದು. ಹಳೆಯ ಜಿಪ್ಸಿ ಇಟ್ಟುಕೊಂಡವರು ಶೇಕಡ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಕಾಲದಲ್ಲಿ ರಬ್ಬರ್ ಪೈಪುಗಳನ್ನೆಲ್ಲ ಒಮ್ಮೆ ಹೊಸದಾಗಿ ಹಾಕಿಸುವುದು ಒಳ್ಳೆಯದು.

12 ವೋಲ್ಟಿನ ಮೈಲ್ಡ್ ಹೈಬ್ರಿಡ್. ಗ್ರ್ಯಾಂಡ್ ವಿಟಾರಾದ ಮತ್ತು ಅದರ ಜೋಡಿಯಾದ ಟೊಯೋಟ ಹೈರೈಡರ್‌ನ ಆಲ್ ವೀಲ್ ಡ್ರೈವ್ ಮಾದರಿಗಳು ಇಲ್ಲಿ ಬರುತ್ತವೆ. 1,462 ಸಿಸಿ ಎಂಜಿನ್, 137 ನ್ಯೂಟನ್ ಮೀಟರ್ ಟಾರ್ಕ್. ಚಕ್ರ ಜಾರಿದಾಗ ಹಿಂದಿನ ಚಕ್ರಗಳಿಗೂ ಬಲ ಹೋಗುತ್ತದೆ, ಲಾಕ್ ಮೋಡ್ ಇದೆ. ಲೋ ರೇಂಜ್ ಇಲ್ಲ, ಅದನ್ನು ಯಾವ ಮೋಟಾರೂ ತುಂಬಿಕೊಡಲಾರದು. ನಾಪೋಕ್ಲು, ಚೆಟ್ಟಳ್ಳಿ, ಸಿದ್ದಾಪುರದ ಕಡೆ ಮನೆಯವರೆಗೆ ಜಲ್ಲಿ ದಾರಿಯಾದರೂ ಇದ್ದರೆ ಈ ಗಾಡಿ ಸಾಕಷ್ಟಾಯಿತು. ಲಿಥಿಯಂ ಬ್ಯಾಟರಿ ಮುಂದಿನ ಎಡಗಡೆಯ ಸೀಟಿನ ಕೆಳಗೆ ಇರುತ್ತದೆ ಎಂಬುದನ್ನು ನೆನಪಿಡಿ. ಬಾಗಿಲಿನ ಅಂಚು ದಾಟಿ ನೀರು ಒಳಗೆ ಬಂದರೆ ಮೊದಲು ನೆನೆಯುವ ಭಾಗಗಳಲ್ಲಿ ಅದೂ ಒಂದು. ಕಾವೇರಿ, ಕನ್ನಿಕೆ ತುಂಬಿ ಭಾಗಮಂಡಲದ ಸುತ್ತ ದಾರಿ ಮುಳುಗಿರುವಾಗ ಈ ಗಾಡಿ ಇಳಿಸುವ ಸಾಹಸ ಬೇಡ.

48 ವೋಲ್ಟಿನದು. ಭಾರತದಲ್ಲಿ ಫಾರ್ಚೂನರ್ ನಿಯೋ ಡ್ರೈವ್ 2025ರ ಜೂನ್‌ನಲ್ಲಿ ಬಂತು, ಆಗ ಷೋರೂಂ ಬೆಲೆ 44.72 ಲಕ್ಷ ರೂಪಾಯಿ. 2.8 ಲೀಟರ್ ಡೀಸೆಲ್, 500 ನ್ಯೂಟನ್ ಮೀಟರ್, ಲೋ ರೇಂಜ್ ಎಲ್ಲವೂ ಸಾದಾ ಫಾರ್ಚೂನರಿನದೇ. ಇದೇ ಎಂಜಿನ್ನಿನ 48 ವೋಲ್ಟ್ ವ್ಯವಸ್ಥೆ ಹೊರದೇಶಗಳ ಹೈಲಕ್ಸ್‌ನಲ್ಲಿ ಮೊದಲು ಬಂದಿತ್ತು. ಅಲ್ಲಿ ಟೊಯೋಟ ಮಾಡಿದ ಕೆಲಸ ಮೆಚ್ಚುವಂಥದ್ದು. ಮೋಟಾರ್ ಜನರೇಟರನ್ನು ಎಂಜಿನ್ನಿನ ಮೇಲ್ಭಾಗಕ್ಕೆ ಏರಿಸಿದರು, ನೀರಿನಿಂದ ರಕ್ಷಣೆ ಕೊಟ್ಟರು, ಬೆಲ್ಟನ್ನು ಬಿಗಿಯಾಗಿಡುವ ಎರಡು ತೋಳಿನ ಟೆನ್ಷನರ್ ಹಾಕಿದರು, 7.6 ಕಿಲೋ ತೂಕದ ಬ್ಯಾಟರಿಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟರು, ನೀರಿನ ಆಳವನ್ನು ಮೊದಲಿದ್ದ 700 ಮಿಲಿಮೀಟರಿನಲ್ಲೇ ಉಳಿಸಿಕೊಂಡರು. ಐಡ್ಲಿಂಗ್ ವೇಗ ನಿಮಿಷಕ್ಕೆ 720ರಿಂದ 600 ಸುತ್ತಿಗೆ ಇಳಿಯಿತು. ಬಂಡೆಯ ಮೇಲೆ ಇಂಚಿಂಚಾಗಿ ಸಾಗುವಾಗ ಇದರ ಬೆಲೆ ತಿಳಿಯುತ್ತದೆ. ಮೈಲೇಜಿನ ಲಾಭ ಐದು ಶೇಕಡದವರೆಗೆ ಎಂದು ಕಂಪನಿಯೇ ಹೇಳುತ್ತದೆ, ಅದಕ್ಕಾಗಿ ಕೊಳ್ಳಬೇಕಿಲ್ಲ.

ಸಂಪಾಜೆ ಘಾಟಿಯಂಥ ಉದ್ದದ ಇಳಿಜಾರಿನಲ್ಲಿ ಮೋಟಾರಿನ ಹಿಡಿತವನ್ನು ನಂಬಿ ಕೂರಬಾರದು. ಇಷ್ಟು ಸಣ್ಣ ಬ್ಯಾಟರಿ ಕೆಲವೇ ತಿರುವುಗಳಲ್ಲಿ ತುಂಬುತ್ತದೆ, ಆಮೇಲೆ ವಿದ್ಯುತ್ತಿನ ಹಿಡಿತ ಕಡಿಮೆಯಾಗುತ್ತದೆ. ಕೆಳಗಿನ ಗೇರು, ಎಂಜಿನ್ ಬ್ರೇಕಿಂಗ್ ಮೊದಲಿನಂತೆಯೇ ಬೇಕು.

ಮೋಟಾರಿನ ಬಲದಿಂದಲೇ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ನಮ್ಮಲ್ಲಿ ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ ಮುಂದಿನ ಚಕ್ರಗಳಿಗೆ ಮಾತ್ರ ಬಲ ಕೊಡುತ್ತದೆ. ಬೆಂಗಳೂರಿಗೆ ಹೋಗಿ ಬರುವವರಿಗೆ ಚೆನ್ನ, ಕೆಸರಿನ ಏರಿಗೆ ಅಲ್ಲ.

ಹಳೆಯ ಯೂರೋಪಿಯನ್ ಐಷಾರಾಮಿ 48 ವೋಲ್ಟ್ ಎಸ್‌ಯುವಿಗಳು ಬೆಂಗಳೂರಿನಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಡಿಫೆಂಡರ್ 900 ಮಿಲಿಮೀಟರ್ ನೀರಿನಲ್ಲಿ ಇಳಿಯಬಲ್ಲದು, ಸಾಮರ್ಥ್ಯದಲ್ಲಿ ಸಂಶಯವಿಲ್ಲ. ಆದರೆ ಸರ್ವೀಸ್ ದಾಖಲೆ ಪೂರ್ತಿ ಇಲ್ಲದ, ಒಮ್ಮೆ ನೀರಿನಲ್ಲಿ ಮುಳುಗಿರಬಹುದಾದ, ಮೂರನೆಯ ಮಾಲೀಕರ ಕೈಯಲ್ಲಿರುವ 48 ವೋಲ್ಟ್ ಗಾಡಿಯನ್ನು ಮಡಿಕೇರಿಗೆ ತಂದರೆ, ಎಚ್ಚರಿಕೆಯ ದೀಪವೊಂದು ಹೊತ್ತಿದಾಗಲೆಲ್ಲ ಟೋ ಮಾಡಿಸಿ ಘಟ್ಟ ಇಳಿಸಬೇಕು. ಯಾರಿಗೂ ನಾನು ಇದನ್ನು ಸೂಚಿಸುವುದಿಲ್ಲ.

ಯಾವುದನ್ನೇ ಕೊಂಡರೂ

ಬುಲ್ ಬಾರ್, ಕ್ಯಾರಿಯರ್ ಕೂರಿಸುವಾಗ ಬ್ಯಾಟರಿ ಬಿಚ್ಚದೆ ಷಾಸಿಗೆ ವೆಲ್ಡಿಂಗ್ ಮಾಡಲು ಬಿಡಬೇಡಿ. ಬೋಲ್ಟಿನಲ್ಲಿ ಕೂರುವಂಥದ್ದನ್ನೇ ಆರಿಸಿ. ಮಂಜಿಗೆಂದು ಹಾಕಿಸುವ ಲೈಟುಗಳಿಗೆ ಪ್ರತ್ಯೇಕ ರಿಲೇ, ಸರಿಯಾದ ಫ್ಯೂಸ್ ಇರಲಿ. ಫ್ಯೂಸ್ ಹಾರುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಯನ್ನು ಕರೆದಂತೆ. ಮೂಲ ವೈರನ್ನು ಕತ್ತರಿಸಿ ಟೇಪು ಸುತ್ತಿದ ಗಾಡಿಗೆ ವಾರಂಟಿ ಹೋಗುತ್ತದೆ, ವಿಮೆಯಲ್ಲೂ ತಕರಾರು ಬರುತ್ತದೆ. ಎಂಜಿನ್ನಿಗೆ ನೀರು ನುಗ್ಗಿದ ನಷ್ಟ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಸೇರಿಸುವಾಗ ಮೋಟಾರ್ ಜನರೇಟರ್ ಮತ್ತು ಲಿಥಿಯಂ ಬ್ಯಾಟರಿ ಅದರಲ್ಲಿ ಬರುತ್ತವೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಕಳೆದ ಮೇಲೆ ಒಂದು ಬೆಳಗ್ಗೆ ಟಾರ್ಚು ಹಿಡಿದು ಬಾನೆಟ್ಟಿನೊಳಗೆ ನೋಡಿ. ಅರ್ತ್ ಬೋಲ್ಟಿನ ಸುತ್ತ ಹಸಿರು ಬಿಳಿ ಪುಡಿ ಕಂಡರೆ ಬಿಚ್ಚಿಸಿ, ಉಜ್ಜಿಸಿ, ಹೇಳಿದ ಅಳತೆಗೆ ಬಿಗಿ ಮಾಡಿಸಿ. ಎಂಜಿನ್ ಮುಚ್ಚಳದ ಮೇಲೆ ಇಲಿ ಹಿಕ್ಕೆ, ಕಡಿದ ಫೋಮು, ಒಣ ಎಲೆಯ ಗೂಡು ಇದ್ದರೆ ಗಾಡಿ ಚಾಲೂ ಮಾಡುವ ಮೊದಲೇ ತೆಗೆಯಿರಿ. ಶೆಡ್ಡಿನಲ್ಲಿ ಭತ್ತ, ಹಿಂಡಿ ಇಟ್ಟಿದ್ದರೆ ಬೇರೆಡೆಗೆ ಸಾಗಿಸಿ. 48 ವೋಲ್ಟಿನ ಭಾಗಗಳಿಗೆ ಮಾತ್ರ ನಾವಾಗಲಿ ಊರ ಮೆಕ್ಯಾನಿಕ್ ಆಗಲಿ ಕೈ ಹಾಕುವುದು ಬೇಡ, ಅದು ಕಂಪನಿಯ ಕಾರ್ಯಾಗಾರದ ಕೆಲಸ.

ಗಾಡಿ ನೀರಿನಲ್ಲಿ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಇಗ್ನಿಷನ್ ಬಂದ್ ಮಾಡಿ, ಸಾಧ್ಯವಾದರೆ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಳೆಸಿಕೊಂಡು ಹೋಗಿ.

ಎರಡು ಕಿಲೋದ ಎಬಿಸಿ ಪೌಡರ್ ಅಗ್ನಿಶಾಮಕ ಸಿಲಿಂಡರ್ ಚಾಲಕನ ಕೈಗೆ ಎಟಕುವಂತಿರಲಿ, ಡಿಕ್ಕಿಯೊಳಗಲ್ಲ. ಹೊಗೆ ಕಂಡ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, 112ಕ್ಕೆ ಕರೆ ಮಾಡಿ. ಬಾನೆಟ್ಟನ್ನು ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಏಳುತ್ತದೆ, ಸಂದಿಯಿಂದಲೇ ಪೌಡರ್ ಹೊಡೆಯಿರಿ. ಹೊಗೆ ಸೀಟಿನ ಕೆಳಗಿನಿಂದ ಬರುತ್ತಿದ್ದರೆ ಅದು ಬ್ಯಾಟರಿಯದಿರಬಹುದು. ಪೌಡರ್ ಜ್ವಾಲೆಯನ್ನು ನಂದಿಸುತ್ತದೆ, ಸೆಲ್ಲನ್ನು ತಣಿಸುವುದಿಲ್ಲ, ಆದ್ದರಿಂದ ದೂರ ಸರಿಯಿರಿ. ಲಿಥಿಯಂ ಸೆಲ್ಲುಗಳು ಆರಿದಂತೆ ಕಂಡು ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಲ್ಲವು. ಆ ಗಾಡಿಯನ್ನು ಶೆಡ್ಡಿಗೆ ತರದೆ ಮನೆ, ಕೊಟ್ಟಿಗೆ, ಕಾಫಿ ಗೋದಾಮುಗಳಿಂದ ದೂರದ ಬಯಲಿನಲ್ಲಿ ಒಂದು ದಿನವಾದರೂ ನಿಲ್ಲಿಸಿ.